ಅಕ್ಕ ಕೇಳಿದ ಪ್ರಶ್ನೆ

ಶಿವು, ಲಲಿತಾಳನ್ನು ಶಾಲೆಯ ಜಗಲಿಯಿಂದ ತಳ್ಳಿದ್ದು ನೀನಲ್ಲ. ನಾನು, ನಿನ್ನ ಅಕ್ಕ. ತಳ್ಳಿ ಸುಮ್ಮನಿದ್ದಿದ್ದರೆ ಅದೇ ಬೇರೆ ಮಾತು — ಆ ತಪ್ಪನ್ನು ನಿನ್ನ ಬಾಯಿಂದಲೇ ನಿನ್ನ ಮೇಲೆ ಹೊರಿಸಿದವಳೂ ನಾನೇ.

ನೀನು ಇದನ್ನು ಓದಲಾರೆ ಎಂದು ಗೊತ್ತಿದ್ದೂ ನಿನಗೇ ಬರೆಯುತ್ತಿದ್ದೇನೆ. ಓದಲಾರದ ಹಾಗೆ ಆದದ್ದೂ ಆ ದಿನದಿಂದಲೇ.

ನಿನಗೆ ಆಗ ಎಂಟು, ನನಗೆ ಹನ್ನೊಂದು. ಚಳ್ಳಕೆರೆಯಲ್ಲಿ ಅವ್ವ ನಿನ್ನ ಕೈ ಹಿಡಿದು ಹತ್ತದ ಶಾಲೆಯ ಮೆಟ್ಟಿಲಿರಲಿಲ್ಲ. ಎಲ್ಲಿ ಸೇರಿಸಿದರೂ ವಾರದೊಳಗೆ ‘ಕರಕೊಂಡು ಹೋಗಿ’ ಅನ್ನುತ್ತಿದ್ದರು. ನೀನು ಕೂತಲ್ಲಿ ಕೂರುತ್ತಿರಲಿಲ್ಲ; ಬೆಂಚು ಹತ್ತುತ್ತಿದ್ದೆ, ಕಿಟಕಿ ಹತ್ತುತ್ತಿದ್ದೆ, ಗೇಟು ತೆರೆದಿದ್ದರೆ ಸೀದಾ ರಸ್ತೆಗೆ ಓಡುತ್ತಿದ್ದೆ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದೆ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇದಕ್ಕೆಲ್ಲ ಹೆಸರೊಂದಿದೆ ಎಂದು ಆಗ ನಮಗೆ ಹೇಳಿದವರಿಲ್ಲ. ಶೇಂಗಾ ಮಂಡಿಯಿಂದ ಬಂದ ಅಪ್ಪ ‘ತುಂಟ’ ಅನ್ನುತ್ತಿದ್ದರು. ಓಣಿಯವರು ಬೇರೆ ಮಾತು ಅನ್ನುತ್ತಿದ್ದರು.

ಕೊನೆಗೆ ನನ್ನ ಶಾಲೆಯ ಹೆಡ್‌ಮಾಸ್ತರರ ಮುಂದೆ ಅವ್ವ ಕೈಮುಗಿದಳು. “ಅಕ್ಕ ಇದಾಳಲ್ಲ ಸಾ, ನೋಡ್ಕಂತಾಳೆ,” ಎಂದಳು. ಅಲ್ಲಿ ನಿನಗೆ ಸಿಕ್ಕ ಟೀಚರ್ ಪುಣ್ಯಾತ್ಗಿತ್ತಿ. “ಓಡಾಡ್ಲಿ ಬಿಡ್ರಿ, ಕಿವಿ ಇಲ್ಲೇ ಐತೆ,” ಅನ್ನುತ್ತಿದ್ದರು. ನೀನು ಗೋಡೆಯಿಂದ ಗೋಡೆಗೆ ನಡೆಯುತ್ತಲೇ ಅಕ್ಷರ ಕಲಿತೆ. ಒಂದು ದಿನ ಸ್ಲೇಟಿನ ಮೇಲೆ ‘ಶಿ’ ಬರೆದೆ. ಅವ್ವ ಅದನ್ನು ಎಷ್ಟೋ ದಿನ ಒರೆಸಲು ಬಿಡಲಿಲ್ಲ.

ನಿನ್ನ ಮಾತಿನ ರೀತಿ ಮಾತ್ರ ನಮ್ಮ ಮನೆಯವರಿಗಷ್ಟೇ ಗೊತ್ತಿತ್ತು. “ಮುದ್ದೆ ಬೇಕಾ, ಅನ್ನ?” ಎಂದರೆ “ಅನ್ನ” ಅನ್ನುತ್ತಿದ್ದೆ. “ಅನ್ನ ಬೇಕಾ, ಮುದ್ದೆ?” ಎಂದರೆ “ಮುದ್ದೆ”. ಕೊನೆಯಲ್ಲಿ ಬಂದ ಮಾತೇ ನಿನ್ನ ಉತ್ತರ. ಅದಕ್ಕೇ ಅವ್ವ ಕೇಳುವುದನ್ನೇ ಬಿಟ್ಟಿದ್ದಳು. ಎರಡನ್ನೂ ತಟ್ಟೆಗೆ ಹಾಕಿ, ನಿನ್ನ ಕೈ ಯಾವುದರ ಕಡೆ ಹೋಗುತ್ತದೆಂದು ನೋಡುತ್ತಿದ್ದಳು.

ಆ ದಿನ ಊಟದ ಬಿಡುವಿನಲ್ಲಿ ನನ್ನ ತರಗತಿಯ ಲಲಿತಾ ಜಗಲಿಯ ಅಂಚಿನಲ್ಲಿ ಕೂತು, ಹಿಂದೆ ನಿಂತಿದ್ದ ನಮಗೆ ಕೇಳಲೆಂದೇ ಜೋರಾಗಿ ಅಂದಳು — “ಹುಚ್ಚು ಅವ್ರ ಮನೇಲಿ ಎಲ್ರಿಗೂ ಐತಂತೆ. ನಾಳೆ ಇವ್ಳಿಗೂ ಬರ್ತೈತೆ.” ನಿನ್ನನ್ನು ಅಂದಳೆಂದು ಸಿಟ್ಟು ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನನ್ನೂ ಸೇರಿಸಿದಳಲ್ಲ, ಅದಕ್ಕೆ ಬಂತು. ಎರಡೂ ಕೈಯಿಂದ ನೂಕಿದೆ. ಕೆಳಗೆ ಕಲ್ಲು, ಅವಳ ಮುಂಗೈ ಮುರಿಯಿತು. ಅವಳು ತಿರುಗಿ ನೋಡಿರಲಿಲ್ಲ. ಹಿಂದೆ ಇದ್ದವರು ನಾವಿಬ್ಬರೇ.

ಹೆಡ್‌ಮಾಸ್ತರರ ಕೋಣೆಯಲ್ಲಿ ಲಲಿತಾಳ ಅಪ್ಪ ಬಂದು ನಿಂತಿದ್ದರು. “ನೀನೇನೋ ತಳ್ಳಿದ್ದು?” ಎಂದು ಹೆಡ್‌ಮಾಸ್ತರರು ನಿನ್ನನ್ನು ಗದರಿಸಿದರು. ನೀನು “ತಳ್ಳಿದ್ದು, ತಳ್ಳಿದ್ದು” ಎನ್ನುತ್ತ ಮೇಜಿನ ಸುತ್ತ ಓಡಿದೆ. ಅಣಕಿಸುತ್ತಾನೆ ಅಂದುಕೊಂಡರು. ನನ್ನ ಕಡೆ ತಿರುಗಿ, “ನಿನ್ ಮುಂದಾದ್ರೂ ಬಾಯಿ ಬಿಡ್ತಾನೇನಮ್ಮ? ನೀನೇ ಕೇಳು,” ಎಂದರು.

ನಿಜ ಹೇಳಲು ಒಂದು ಗಳಿಗೆ ಇತ್ತು. ಆ ಗಳಿಗೆಯಲ್ಲಿ ನಾನು — ದೇವರೇ — ಮಾತು ಜೋಡಿಸುತ್ತಿದ್ದೆ. ಯಾವ ಹೆಸರು ಮೊದಲು, ಯಾವುದು ಕೊನೆಗೆ ಎಂದು.

“ಶಿವು, ಯಾರೋ ತಳ್ಳಿದ್ದು? ಅಕ್ಕನಾ... ಶಿವು?”

“ಶಿವು,” ಅಂದೆ ನೀನು. ಎಷ್ಟು ಸ್ಪಷ್ಟವಾಗಿ ಅಂದೆ!

ಮರುದಿನದಿಂದ ನಿನಗೆ ಶಾಲೆಯಿಲ್ಲ. ನಿನ್ನ ಟೀಚರ್ ವಾದಿಸಿ ನೋಡಿದರು, ನಡೆಯಲಿಲ್ಲ. ಆ ದಿನದ ಸಂಜೆಯೇ ಅವ್ವ ನನ್ನನ್ನು ಅಡುಗೆಮನೆಗೆ ಕರೆದು, “ಏನಂತ ಕೇಳಿದ್ರೇ ಅವನ್ನ?” ಎಂದಳು. ನಿನ್ನ ಮಾತು ಬಲ್ಲವಳಾದ್ದರಿಂದಲೇ ಹಾಗೆ ಕೇಳಿದಳು. “ಯಾರು ತಳ್ಳಿದ್ದು ಅಂತ ಕೇಳಿದ್ರವ್ವ, ಅಷ್ಟೇ. ಶಿವು ಅಂತ ಅವನೇ ಅಂದ,” ಎಂದೆ.

ಅವ್ವನ ಮುಖ — ಹೇಗೆ ಬರೆಯಲಿ — ಅರಳಿತು. “ಅವನೇ ಅಂದ್ನಾ? ಕೇಳಿದ್ದಕ್ಕೆ ಉತ್ತರ ಕೊಟ್ನಾ ನನ್ ಮಗ?”

ಶಾಲೆ ತಪ್ಪಿದ ದಿನವೇ ಅವಳಿಗೆ ಆ ಸಂತೋಷ. ಆಮೇಲೆ ಎಷ್ಟೋ ತಿಂಗಳು ನಿನ್ನನ್ನು ಎದುರಿಗೆ ಕೂರಿಸಿಕೊಂಡು “ಏನ್ ತಿಂದೆ, ಹೇಳೋ? ಯಾರ್ ಬಂದ್ರು, ಹೇಳೋ?” ಎಂದು ಕೇಳಿಯೇ ಕೇಳಿದಳು. ನೀನು “ಹೇಳೋ” ಅನ್ನುತ್ತಿದ್ದೆ, ಎದ್ದು ಓಡುತ್ತಿದ್ದೆ. ಒಂದು ಸಲ ಹೇಳಿದವನು ಈಗ ಹಟಕ್ಕೆ ಹೇಳುತ್ತಿಲ್ಲ ಎಂದುಕೊಂಡು ಹೊಡೆದಳು. ಎಂದೂ ನಿನ್ನ ಮೇಲೆ ಕೈ ಎತ್ತದವಳು. ನಾನು ಪಕ್ಕದಲ್ಲೇ ಕೂತು ಏಳನೇ ತರಗತಿಯ ಪರೀಕ್ಷೆಗೆ ಓದುತ್ತಿದ್ದೆ.

ನಾನು ಓದಿದೆ, ಟೀಚರಾದೆ, ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಕಡೆ ಕೆಲಸ ಸಿಕ್ಕಿತು. ತಾಲ್ಲೂಕಿನ ಟೀಚರುಗಳಿಗೆ ನಡೆದ ತರಬೇತಿಯೊಂದರಲ್ಲಿ ಆಟಿಸಂ ಎಂದರು, ಕೂತಲ್ಲಿ ಕೂರಲಾಗದ ಎಡಿಎಚ್‌ಡಿ ಎಂದರು, ಎರಡೂ ಒಟ್ಟಿಗೆ ಇರುವ ಮಕ್ಕಳೂ ಉಂಟು ಎಂದರು. ನಿನ್ನನ್ನೇ ನೋಡಿ ಹೇಳಿದಂತಿತ್ತು. “ಕೆಲವರು ಪ್ರಶ್ನೆಯ ಕೊನೆಯ ಮಾತನ್ನೇ ತಿರುಗಿ ಹೇಳುತ್ತಾರೆ, ಅದನ್ನು ಉತ್ತರ ಅಂತ ತಿಳಿಯಬೇಡಿ” ಎಂದಾಗ ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಗಾದೆಯೂ ನನಗೆ ಒಪ್ಪುವುದಿಲ್ಲ. ಬುದ್ಧಿ ನನಗೆ ಮೊದಲೇ ಇತ್ತು. ತಿಳಿಯದೆ ಮಾಡಿದೆ ಅನ್ನಲು ದಾರಿಯೇ ಇಲ್ಲ.

ನನಗೂ ಮಗಳಾದಳು. ತವರಿಗೆ ಹೋದಾಗಲೆಲ್ಲ ಅವ್ವ ಅವಳನ್ನು ಎಳೆದುಕೊಳ್ಳುತ್ತಿದ್ದಳು — “ಮಾಮನ ಹತ್ರ ಹೋಗ್ಬ್ಯಾಡ ಕಣೇ, ತಳ್ತಾನೆ.” ಯಾವ ಮಕ್ಕಳು ಬಂದರೂ ನಿನ್ನನ್ನು ಕೋಣೆಗೆ ಕಳಿಸುವುದು ಮನೆಯ ರೂಢಿಯಾಗಿತ್ತು. ಯಾರನ್ನೂ ಎಂದೂ ತಳ್ಳದವನು ನೀನು. ಇದನ್ನು ಕೇಳುತ್ತ, ನೋಡುತ್ತ, ನಾನು ಕಾಫಿ ಕುಡಿಯುತ್ತಿದ್ದೆ.

ಹೋದ ತಿಂಗಳು ಅವ್ವನಿಗೆ ಹೇಳಿಬಿಟ್ಟೆ, ಎಲ್ಲವನ್ನೂ. ಅವ್ವ ಬೈಯಲಿಲ್ಲ. “ಅವನ್ನ ಹೊಡೆದ್ನಲ್ಲೇ ನಾನು,” ಎಂದಳು. ಅಷ್ಟೇ. ಆಮೇಲೆ ಎದ್ದು ನನ್ನ ಮಗಳ ಕೈ ಹಿಡಿದು, ನೀನು ಕೂತಿದ್ದ ಪಡಸಾಲೆಗೆ ಕರೆತಂದಳು. “ಹೋಗವ್ವ, ಮಾಮನ ಹತ್ರ ಆಡ್ಕ.”

ಮಗಳು ನಗುತ್ತ ಓಡಿಬಂದಳು. ಅವಳ ದನಿ ಕೇಳಿದ್ದೇ ನೀನು ಎದ್ದೆ. ಯಾರೂ ಹೇಳದೆ, ಯಾರನ್ನೂ ನೋಡದೆ, ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ.

“ಮಾಮ ಯಾಕೆ ಒಳಗೋದ?” ಎಂದು ಮಗಳು ಕೇಳಿದಳು. ಅವ್ವ ನನ್ನ ಮುಖ ನೋಡಿದಳು. “ಅಮ್ಮ ಒಂದು ಸುಳ್ಳು ಹೇಳಿದ್ಲು, ಅದಕ್ಕೆ,” ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಬಾಗಿಲು ಬಡಿದಳು, ಮಾಮಾ ಮಾಮಾ ಎಂದು ಕರೆದಳು. ನೀನು ತೆಗೆಯಲಿಲ್ಲ.