ಶಿವದಾರದ ಅಳತೆ

ಐವತ್ತರ ದಶಕದಲ್ಲಿ ಸೈಕಲ್ ಓಡಿಸಿ ಹೊಟ್ಟೆ ಹೊರೆಯುತ್ತೇನೆ ಎಂದವನಿಗೆ ನಮ್ಮ ಬಾಲಗಾಂವದಲ್ಲಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಸಾಂಗಲಿಯ ಸೈಕಲ್ ಅಂಗಡಿಯ ಮಾಲಕರೊಬ್ಬರು ನನ್ನ ಓಟ ನೋಡಿ, ಊರೂರಿನ ಶರ್ಯತ್ತು ಪಂದ್ಯಗಳಲ್ಲಿ ತಮ್ಮ ಅಂಗಡಿಯ ಪರವಾಗಿ ಓಡಿಸಲು ತಿಂಗಳ ಪಗಾರಕ್ಕೆ ಕರೆದಿದ್ದರು. ನನಗೆ ಅದು ಸ್ವರ್ಗ. ಕಿರಾಣಿ ಅಂಗಡಿಯ ನನ್ನ ಅಪ್ಪನಿಗೆ ಅದು ಊರು ತಿರುಗುವ ಚಟ.

"ಸೈಕಲ್ ಮ್ಯಾಲ ಕುಂತಾಂವಗ ಲಿಂಗಪೂಜಿ ನೆನಪಿರತೈತೇನು?" ಎಂದ ಅಪ್ಪ. ನಾನು ಎರಡು ದಿನ ಉಣ್ಣದೆ ಮುನಿಸಿಕೊಂಡ ಮೇಲೆ ಒಂದು ಮಾತಿಗೆ ಬಂದ. "ಜತ್ತದ ಶರ್ಯತ್ತು ಗೆದ್ದು ಬಾ, ಕಳಸ್ತೀನಿ. ಸೋತಿ ಅಂದ್ರ ಗಪ್ಪನ ತಕ್ಕಡಿ ಹಿಡಿ."

ಜತ್ತದಿಂದ ಸನಮಡಿಗೆ ಹೋಗಿ ತಿರುಗಿ ಬರುವ ಓಟ ಅದು. ನನಗಿದ್ದ ತೊಡಕು ಒಂದೇ. ಹ್ಯಾಂಡಲ್ ಮೇಲೆ ಬಾಗಿದರೆ ಕೊರಳಿನ ಶಿವದಾರ ಜೋತುಬಿದ್ದು, ಲಿಂಗವಿದ್ದ ಬೆಳ್ಳಿಯ ಕರಡಿಗೆ ಹ್ಯಾಂಡಲ್‌ಗೆ ಬಡಿಯುತ್ತಿತ್ತು. ಅಂದು ಮುಂಜಾನೆ ಪೂಜೆ ಮುಗಿಸಿ, ನಮ್ಮ ಮನೆತನದಲ್ಲಿ ಯಾರೂ ಮಾಡದ್ದನ್ನು ಮಾಡಿದೆ. ಎದೆಯ ಮೇಲಿರಬೇಕಾದ ಲಿಂಗವನ್ನು ಬೆನ್ನಿಗೆ ಸರಿಸಿ, ಅಲುಗಾಡದಂತೆ ಮೇಲೊಂದು ವಲ್ಲಿ ಬಟ್ಟೆ ಬಿಗಿದೆ. ತಪ್ಪೆಂದು ಗೊತ್ತಿತ್ತು. ಒಂದು ತಾಸಿನ ಮಾತಲ್ಲವೇ ಎಂದುಕೊಂಡೆ.

ಸನಮಡಿಯಿಂದ ತಿರುಗಿದಾಗ ನಾನೇ ಮುಂದಿದ್ದೆ. ಏರಿನಲ್ಲಿ ಉಸಿರು ಕಟ್ಟಿದಾಗ ರೂಢಿಯಂತೆ ಕೈ ಎದೆಗೆ ಹೋಯಿತು. ಲಿಂಗವಿರಲಿಲ್ಲ. ಬೆನ್ನಿಗೆ ಕಟ್ಟಿದ್ದು ಓಟದ ಭರದಲ್ಲಿ ಪೂರ್ತಿ ಮರೆತೇಹೋಗಿತ್ತು. ಲಿಂಗ ಕಳೆದುಕೊಂಡವನು ನೀರು ಸಹ ಮುಟ್ಟಬಾರದು ಎಂದು ಬೆಳೆದವನು ನಾನು. ಸೈಕಲ್ ಹಿಂದಕ್ಕೆ ತಿರುಗಿಸಿದೆ.

ಹಿಂದೆ ಬರುತ್ತಿದ್ದವರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ನಾನು ಇಳಿದು, ಸೈಕಲ್ ತಳ್ಳುತ್ತ, ದಾರಿಬದಿಯ ಕಲ್ಲು ಮುಳ್ಳು ಸರಿಸುತ್ತ ನಡೆದೆ. ಅಳುತ್ತಿದ್ದೆ, ಮುಚ್ಚಿಡುವುದೇಕೆ?

ಬೇವಿನ ಮರದಡಿ ಕುರಿ ಬಿಟ್ಟುಕೊಂಡು ನಿಂತಿದ್ದ ಮುದುಕ ಕೇಳಿದ, "ಏನ್ ಹುಡಕಾಕತ್ತಿ ತಮ್ಮಾ?"

"ನನ್ನ ಲಿಂಗ ಬಿದ್ದೈತಿ ಕಾಕಾ."

ಅವನು ನನ್ನ ಸುತ್ತ ಒಮ್ಮೆ ಬಂದ. "ಬೆನ್ನಾಗ ಇದೇನ್ ಗಂಟು? ಬಗಲಾಗ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದಂಗಾತಲ್ಲೋ."

ಕೈ ಹಿಂದಕ್ಕೆ ಹಾಕಿದೆ. ಇತ್ತು. ರಸ್ತೆಯ ಮಣ್ಣಿನಲ್ಲೇ ಕುಳಿತೆ. ಮುಂದೆ ಎಷ್ಟೋ ಶರ್ಯತ್ತು ಗೆದ್ದೆ, ಆದರೆ ಅಂದಿನಷ್ಟು ಎದೆ ಹಗುರಾದದ್ದು ನೆನಪಿಲ್ಲ. ಮುದುಕ ಕೊಟ್ಟ ನೀರು ಕುಡಿದು, ಲಿಂಗವನ್ನು ಎದೆಗೆ ತಂದುಕೊಂಡು, ಎಲ್ಲರಿಗಿಂತ ಕೊನೆಗೆ ಜತ್ತ ಮುಟ್ಟಿದೆ.

ಸಂಜೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ, ಬೆನ್ನಿಗೆ ಕಟ್ಟಿದ್ದನ್ನೂ ಬಿಡದೆ. ಬೈಗುಳಕ್ಕೆ ಕಾಯುತ್ತ ತಕ್ಕಡಿಯ ಪಕ್ಕ ನಿಂತೆ. ಅಪ್ಪ ಕೈಯಲ್ಲಿದ್ದ ತೂಕದ ಕಲ್ಲು ಕೆಳಗಿಟ್ಟ.

"ಮುಂದಿದ್ದಿ ಅಂತೀ. ಮತ್ತ ಹೊಳ್ಳಿ ಹೋದಿ?"

"ಹೂಂನಪ್ಪ."

"ಇಲ್ಲಿ ಬಾ. ಸೈಕಲ್ ಮ್ಯಾಲ ಬಾಗಿದಂಗ ಬಾಗು."

ಜೋಳದ ಚೀಲದ ಮೇಲೆ ಕೈಯೂರಿ ಬಾಗಿದೆ. ಅದುವರೆಗೆ ನನ್ನ ಸೈಕಲ್ಲಿನ ಕಡೆ ಕಣ್ಣೆತ್ತಿಯೂ ನೋಡದಿದ್ದ ಅಪ್ಪ, ನನ್ನ ಕೊರಳಿನ ಶಿವದಾರವನ್ನು ಹಿಡಿದು ಅಳತೆ ನೋಡಿದ. ನಾಲ್ಕು ಬೆರಳಿನಷ್ಟು ಮೇಲಕ್ಕೆಳೆದು ಗಂಟು ಹಾಕಿದ. "ಇನ್ನೊಮ್ಮಿ ಬಾಗು" ಎಂದ. ಬಾಗಿದೆ. ಕರಡಿಗೆ ಎದೆಯನ್ನು ಬಿಟ್ಟು ಅಲುಗಲಿಲ್ಲ.

"ಸಾಂಗಲಿಗೆ ಹೋಗೋ ಮೋಟಾರು ನಾಳಿ ಎಷ್ಟ ಗಂಟೆಕ್ಕೈತಿ?" ಎಂದು ಕೇಳಿದ.