ಅಕ್ಕನ ಬಾಣಂತನಕ್ಕೆ ನಾನು ಕೂರಿಸಿದ ಗೀಸರ್

ಅಕ್ಕ ಬಾಣಂತನಕ್ಕೆಂದು ಸವಣೂರಿಗೆ ಬಂದ ವಾರವೇ ನಮ್ಮ ಬಚ್ಚಲಮನೆಯ ಗೀಸರ್ ಪ್ರಾಣ ಬಿಟ್ಟಿತು. ಬೋರ್‌ವೆಲ್ ನೀರಿನ ಸುಣ್ಣ ಅದರ ಹೊಟ್ಟೆಯಲ್ಲಿ ಎಷ್ಟು ಕಟ್ಟಿತ್ತೆಂದರೆ, ಕೆರೆದು ತೆಗೆದಿದ್ದರೆ ಇಡೀ ಸವಣೂರಿನ ಎಲೆ ಅಡಿಕೆಗೆ ಸಾಕಾಗಿ ಇನ್ನಷ್ಟು ಶಿಗ್ಗಾಂವಿಗೆ ಕಳಿಸಬಹುದಿತ್ತು.

ಗೀಸರ್ ಸತ್ತರೆ ನನಗೇನೂ ಕಷ್ಟವಿರಲಿಲ್ಲ. ಸ್ನಾನ ತಪ್ಪಿಸಲು ನಾನು ಎಂಥ ನೆಪಕ್ಕೂ ಸಿದ್ಧ. ಆದರೆ ಬಾಣಂತಿಗೆ ನೀರು ಹಾಕುವುದೆಂದರೆ ನಾಲ್ಕು ತಂಬಿಗೆ ಸುರಿದು ಎಬ್ಬಿಸುವುದಲ್ಲ. ಮೈ ಕೆಂಪಗಾಗುವವರೆಗೆ, ಗೋಡೆಯೂ ಬೆವರುವವರೆಗೆ ಹಾಕಬೇಕು. ಬಚ್ಚಲಿನ ಹಳೆಯ ಒಲೆಯನ್ನು ಟೈಲ್ಸ್ ಹಾಕಿಸುವಾಗ ನಾವೇ ಒಡೆಸಿದ್ದೆವು. ಅವ್ವ ಗ್ಯಾಸಿನ ಮೇಲೆ ಪಾತ್ರೆ ಪಾತ್ರೆ ಕಾಯಿಸಿ ಸೋತಳು. ಸುದ್ದಿ ಹಿರೇಕೆರೂರಿಗೆ ಮುಟ್ಟಿತು. ಅಕ್ಕನ ಅತ್ತೆ ಫೋನಿನಲ್ಲೇ ತೀರ್ಪು ಕೊಟ್ಟರು.

"ನಮ್ಮಲ್ಲಿ ತಾಮ್ರದ ಹಂಡೆ ಐತಿ, ಉರಿ ಹಚ್ಚಾಕ ಗೋವಿನಜ್ವಾಳದ ಬೆಂಡು ಗುಡ್ಡದಷ್ಟು ಬಿದ್ದಾವ. ರವಿವಾರ ಗಾಡಿ ತೊಗೊಂಡು ಬರ್ತೇವಿ. ಅಷ್ಟರಾಗ ನಿಮ್ಮ ಗೀಜರ್ ಆದ್ರ ಆತು, ಇಲ್ಲಂದ್ರ ಕೂಸು ಬಾಣಂತಿ ಇಬ್ಬರನ್ನೂ ಕಳಿಸಿಕೊಡ್ರಿ."

ಅಕ್ಕ ಕೂಸನ್ನು ತಬ್ಬಿಕೊಂಡು ಗೋಡೆ ಕಡೆ ಹೊರಳಿದಳು. ಅವ್ವನ ಮಗ್ಗುಲಲ್ಲಿ ಐದು ತಿಂಗಳು ಮಲಗುತ್ತೇನೆಂದು ಮದುವೆಯಾದಾಗಿನಿಂದ ಕನಸು ಕಂಡವಳು ಅವಳು.

ಹೊಸ ಗೀಸರ್ ಪಡಸಾಲೆಯಲ್ಲಿ ಡಬ್ಬಿಯೊಳಗೇ ಕೂತಿತ್ತು. ಅದರ ಮೇಲೆ ಕೂಸಿನ ಬಟ್ಟೆ ಒಣಗುತ್ತಿದ್ದವು. ಅಪ್ಪನಿಗೆ ತನ್ನ ಅಂಗಡಿಯಲ್ಲಿ ಖಾರಾ ಕರಿಯುವ ಬಾಣಲೆ ಬಿಟ್ಟು ಏಳಲಾಗುವುದಿಲ್ಲ. ಅವನು ನಂಬುವ ಪ್ಲಂಬರ್ ಲೋಕಕ್ಕೆಲ್ಲ ಒಬ್ಬನೇ, ಶಿಗ್ಗಾಂವಿಯವನು. ಅವನಿಗೆ ಫೋನ್ ಹಚ್ಚುವ ಕೆಲಸ ನನ್ನದು.

"ಹಾನಗಲ್ದಾಗ ಅದೀನ್ರಿ, ಕಲ್ಯಾಣ ಮಂಟಪಕ್ಕ ಪೈಪ್ ಹಾಕಾಕತ್ತೇನಿ."

ಸಂಜೆ ಕೇಳಿದರೆ, "ಹುಲಗೂರಿಗೆ ಬಂದೇನ್ರಿ, ಇನ್ನೇನು ನಿಮ್ಮ ಮನೀನ ಕಾಣಾಕತ್ತೈತಿ!"

ಮರುದಿನ ಮತ್ತೆ ಹಾನಗಲ್ಲಿನಲ್ಲಿದ್ದ. ಸರ್ಕಾರಿ ಬಸ್ಸಿನ ಹಾಗೆ ಜಿಲ್ಲೆಯೆಲ್ಲ ಸುತ್ತುತ್ತಿದ್ದ. ಬಸ್ಸಾದರೂ ಸವಣೂರಿನಲ್ಲಿ ನಿಲ್ಲುತ್ತದೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಚ್ಚಲಿನಿಂದ ಬಾಗಿಲಿಗೆ, ಬಾಗಿಲಿನಿಂದ ಮಾಳಿಗೆಗೆ ತಿರುಗಿ ತಿರುಗಿ ನನ್ನ ಚಪ್ಪಲಿಯ ಉಂಗುಷ್ಟವೇ ಕಿತ್ತಿತು.

ರವಿವಾರ ಬೆಳಿಗ್ಗೆ ಅವ್ವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತೆ. "ನಾನ ಕೂಡಸ್ತೇನಿ."

"ನೀನು?"

"ಯಾಕ, ಪೀಯೂಸಿ ಸೈನ್ಸ್ ಓದಾಕತ್ತೇನಿ."

"ಸೈನ್ಸ್ ಓದಾಕಿಗೆ ಕುಕ್ಕರಿನ ಮುಚ್ಚಳ ಹಾಕಾಕ ಬರೂದಿಲ್ಲಲ್ಲ ನಮ್ಮವ್ವಾ!"

ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಪೂರ್ತಿ ಅಲ್ಲ, ನನ್ನಂಥ ಜಾಣೆಗೆ ಅರ್ಧ ಸಾಕು. ಮೇನ್ ಸ್ವಿಚ್ ತೆಗೆದು, ನಟ್ಟು ಬಿಚ್ಚುವ ಅಪ್ಪನ ಪಾನಾ ಹಿಡಿದು ಸ್ಟೂಲು ಹತ್ತಿದೆ. ಹಳೆಯ ಗೀಸರನ್ನು ಇಳಿಸುವಾಗ ಅವ್ವ ಕೆಳಗಿನಿಂದ ಹಿಡಿದಿದ್ದಳು. ಅದು ತುಂಬು ಗಬ್ಬದ ಎಮ್ಮೆಯಷ್ಟು ಭಾರ. ಹೊಸದನ್ನು ಏರಿಸಿದಾಗ ಇಬ್ಬರೂ ದೇವರ ಹೆಸರು ಹೇಳಿದೆವು, ಅವ್ವ ಭಕ್ತಿಯಿಂದ, ನಾನು ಸಿಟ್ಟಿನಿಂದ. ಸೋರಬಾರದೆಂದು ಪೈಪಿನ ಬಾಯಿಗೆ ಬಿಳಿ ಟೇಪು ಸುತ್ತಿ ಸುತ್ತಿ ಮದುಮಗನ ಪೇಟದಷ್ಟು ಮಾಡಿದೆ. ಕೊನೆಗೆ ಒಂದು ಹಿತ್ತಾಳೆಯ ತುಣುಕು ಉಳಿಯಿತು. ಹೆಚ್ಚಿಗೆ ಕೊಟ್ಟಿರಬೇಕು, ಒಳ್ಳೆಯ ಮಂದಿ ಎಂದುಕೊಂಡು ಜೇಬಿಗಿಳಿಸಿದೆ.

ಸ್ವಿಚ್ ಹಾಕಿದೆ. ಕೆಂಪು ದೀಪ ಹತ್ತಿತು. ಒಂದು ಹನಿಯೂ ಸೋರಲಿಲ್ಲ! ಓಣಿಯವರನ್ನೆಲ್ಲ ಕರೆದು ತೋರಿಸಬೇಕೆನಿಸಿತು. ಆದರೆ ನಲ್ಲಿ ತಿರುಗಿಸಿದರೆ ಬಂದದ್ದು ಮರೆತಿಟ್ಟ ಚಹಾದಂಥ ನೀರು. ಇನ್ನೂ ಕಾಯಲಿ ಎಂದು ಬಿಟ್ಟೆ. ಮತ್ತೆ ನೋಡಿದೆ; ಅದೇ ಚಹಾ. ಅಷ್ಟರಲ್ಲಿ ಬಾಗಿಲಲ್ಲಿ ಕಾರಿನ ಹಾರ್ನ್ ಕೇಳಿಸಿತು.

ಹಸಿಗೂಸಿರುವ ಮನೆಗೆ ಬಂದವರು ಮೊದಲು ಅಂಗಳದ ನಲ್ಲಿಯಲ್ಲಿ ಕಾಲು ತೊಳೆದೇ ಒಳಗೆ ಬರಬೇಕು. ಅಕ್ಕನ ಅತ್ತೆ ಸೀರೆ ಎತ್ತಿ ಹಿಡಿದು, ನಲ್ಲಿ ತಿರುಗಿಸಿ, ಎರಡೂ ಪಾದ ಚಾಚಿದರು. ಮರುಕ್ಷಣ ಅಷ್ಟು ದಪ್ಪನೆಯ ದೇಹ ನೆಲ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡೆ.

"ಅಯ್ಯಯ್ಯ ನಮ್ಮವ್ವಾ! ಬೀಗ್ತ್ಯಾರ, ನಾ ಏನು ಕೋಳಿ ಅದೀನೇನ್ರಿ, ಸುಡು ನೀರಾಗ ಅದ್ದಿ ಪುಚ್ಚ ಕೀಳಾಕ?"

ನಲ್ಲಿಯಿಂದ ಹಬೆ ಏಳುತ್ತಿತ್ತು. ನಾನು ಒಂದೇ ಉಸಿರಿಗೆ, "ನಿಮ್ಮ ಸಲುವಾಗಿನ ಬಿಟ್ಟೇನ್ರಿ ಅತ್ತಿ, ಮೊಣಕಾಲು ನೋವು ಅಂತಿದ್ರಲ್ಲ" ಎಂದೆ.

ಅವರು ಅರೆಗಳಿಗೆ ನಂಬಿದರು ಕೂಡ. ಆದರೆ ಒಳಗೆ ಹೋಗಿ ಬಚ್ಚಲಿನ ನಲ್ಲಿಗೆ ಕೈಯೊಡ್ಡಿದಾಗ ಮುಖ ಗಂಟಾಯಿತು. ಕಾರು ತಂದಿದ್ದ ಭಾವ ಪ್ಲಂಬರಿಗೆ ಫೋನ್ ಹಚ್ಚಿ ಜೋರಾಗಿ ಕೇಳುವಂತೆ ಹಿಡಿದರು. ನಾನು ಜೇಬಿನ ತುಣುಕು ತೆಗೆದು ಆದದ್ದನ್ನೆಲ್ಲ ಹೇಳಿದೆ.

"ಹಿತ್ತಾಳಿ ತುಣುಕು ಹಾಕಿಲ್ಲೇನ್ರಿ? ನೀರು ವಾಪಸ್ ಹೋಗದಂಗ ಅದ ತಡೀತೈತಿ! ಒಳಗ ಬರೂ ಪೈಪು, ಹೊರಗ ಹೋಗೂ ಪೈಪು ಅದಲಿಬದಲಿ ಆಗ್ಯಾವ. ಬಿಸಿನೀರೆಲ್ಲ ತಣ್ಣೀರಿನ ಪೈಪಿಗೆ ಹೊಕ್ಕೈತಿ. ಮೊದ್ಲ ಸ್ವಿಚ್ ಬಂದ್ ಮಾಡ್ರಿ, ಒಡದೀತು!"

ಓಡಿ ಹೋಗಿ ಬಂದ್ ಮಾಡಿದೆ. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ಮುಗೀತು. ಕೂಸಿನ ಸಾಮಾನು ಕಟ್ರಿ."

ಅಷ್ಟರಲ್ಲಿ ಅಕ್ಕ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಹೊಸ್ತಿಲಿಗೆ ಬಂದಳು. ಅಂಗಳದ ಜಿಗಿತವನ್ನು ಕಿಟಕಿಯಿಂದ ನೋಡಿದ್ದಳು. ನಗು ತಡೆಯಲಾರದೆ, ಹೊಲಿಗೆ ನೋವಿಗೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು. ಹಾಗೇ ಹೇಳಿದಳು.

"ಅತ್ತಿ, ನಾ ಬರೂದಿಲ್ರಿ."

ಭಾವ ಕಾರಿನ ಕೀಲಿಯನ್ನು ಹೊಸದಾಗಿ ಕಂಡವರಂತೆ ನೋಡತೊಡಗಿದರು.

"ನೀರಿಲ್ಲದ ಮನ್ಯಾಗ ಹೆಂಗ ಇರ್ತಿ?" ಎಂದರು ಅತ್ತೆ.

"ನೀವ ಇಲ್ಲೆ ಕಾಸಿ ಹಾಕ್ರಿ. ನಿಮ್ಮ ಕೈಯಾಗಿನ ನೀರಂದ್ರ ನನಗೂ ಬೇಕು. ಆದ್ರ ಮಕ್ಕೊಳ್ಳೂದು ಮಾತ್ರ ನಮ್ಮವ್ವನ ಮಗ್ಗಲಾಗ."

ಅತ್ತೆ ಸೊಸೆಯನ್ನು ನೋಡಿದರು, ಕೂಸನ್ನು ನೋಡಿದರು, ತಮ್ಮ ಕೆಂಪಾದ ಪಾದಗಳನ್ನೂ ನೋಡಿಕೊಂಡರು. ಆಮೇಲೆ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, "ಏ ಹುಡುಗಿ, ಒಲಿ ಹೂಡಾಕ ದೊಡ್ಡ ಕಲ್ಲು ಎಲ್ಲಿ ಸಿಗ್ತಾವ?" ಎಂದರು.

ಸಂಜೆಗೆ ಭಾವ ಹಂಡೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರು, ಡಿಕ್ಕಿ ತುಂಬ ಬೆಂಡು. ಅತ್ತೆ ನಮ್ಮಲ್ಲೇ ಉಳಿದರು, ನನ್ನ ಮಂಚದ ಮೇಲೆ. ನಾನು ನೆಲಕ್ಕೆ ಬಿದ್ದೆ. ಬೆಳಕು ಹರಿದರೆ ಅಂಗಳದಲ್ಲಿ ಹೊಗೆಯೋ ಹೊಗೆ. "ಇಷ್ಟು ಸುಟ್ರ ತೊಗಲು ಕಿತ್ತೀತ್ರಿ" ಎಂದು ಅವ್ವ, "ಇದು ನೀರೋ, ಐಸೋ?" ಎಂದು ಅತ್ತೆ, ಇಬ್ಬರೂ ಮೊಣಕೈ ಅದ್ದಿ ಜಗಳ. ನಡುವೆ ಅಕ್ಕ ಟೊಮೆಟೋ ಹಣ್ಣಿನಂತೆ ಕೆಂಪಗೆ, ಕಣ್ಣು ಮುಚ್ಚಿ ಕೂತಿರುತ್ತಾಳೆ. ಹಂಡೆಯಿಂದ ಬಚ್ಚಲಿಗೆ ನೀರು ಹೊರುವವಳು ಯಾರೆಂದು ಬೇರೆ ಹೇಳಬೇಕೆ? ಕೊಡ ಇಳಿಸಿ ಉಸಿರು ಬಿಡುವಷ್ಟರಲ್ಲಿ ಕಣ್ಣು ಕೂಡ ತೆರೆಯದೆ ಅಕ್ಕ ಹೇಳುತ್ತಾಳೆ, "ಇನ್ನೊಂದು ತಾ."