ಸಾವಾದ ಮನೆಯ ಈಸ್ಟರ್

ಮಾಗಡಿ ರಸ್ತೆಯ ಪಕ್ಕದ ಆ ಹೆಂಚಿನ ಮನೆಗಳ ಸಾಲಿನಲ್ಲಿ ಶಾಂತವ್ವನ ಗಂಟಲು ಗೊತ್ತಿಲ್ಲದವರಿರಲಿಲ್ಲ. ನಲ್ಲಿಯ ಹತ್ತಿರ ಸಾಲು ತಪ್ಪಿಸಿದವರಿಗೂ ಅದೇ ಗಂಟಲು, ಭಾನುವಾರದ ಕೀರ್ತನೆಗೂ ಅದೇ ಗಂಟಲು. ಬಟ್ಟೆ ಗಿರಣಿಯಲ್ಲಿ ನೂಲು ಸುತ್ತುವ ಹೆಂಗಸು; ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಮೆಲುದನಿ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಹೆಸರು ಮಾತ್ರ ಶಾಂತವ್ವ, ಏನು ಮಾಡೋಣ!

ಐವತ್ತಾರರ ಜನವರಿಯಲ್ಲಿ ಗಂಡ ಸಮಾಧಾನಪ್ಪ ಎಂಟೇ ದಿನದ ಜ್ವರಕ್ಕೆ ಹೋಗಿಬಿಟ್ಟ. ಅಂದು ಕಟ್ಟಿದ ಗಂಟಲು ಬಿಡಲೇ ಇಲ್ಲ. ಚರ್ಚಿನಲ್ಲಿ ಹಾಡಿನ ಪುಸ್ತಕ ತೆರೆದು ನಿಲ್ಲುತ್ತಿದ್ದಳು, ತುಟಿ ಅಲ್ಲಾಡುತ್ತಿತ್ತು, ಸ್ವರ ಬರುತ್ತಿರಲಿಲ್ಲ.

ಆ ಚರ್ಚಿನ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಎಲ್ಲರೂ ಗ್ಯಾಸ್‌ಲೈಟ್ ಹಿಡಿದು, ತಾಳ ತಟ್ಟುತ್ತಾ, ಪ್ರತಿ ಕ್ರೈಸ್ತರ ಮನೆ ಮುಂದೆ ನಿಂತು ಹಾಡುವುದು. "ಕ್ರಿಸ್ತನು ಎದ್ದಿದ್ದಾನೆ" ಎಂದು ಇವರು ಕೂಗಿದರೆ, ಮನೆಯವರು ಬಾಗಿಲು ತೆರೆದು "ನಿಜವಾಗಿ ಎದ್ದಿದ್ದಾನೆ" ಎಂದು ಉತ್ತರ ಕೊಟ್ಟು, ತಿಂಡಿ ಹಂಚಿ, ತಾವೂ ಗುಂಪು ಸೇರುವುದು. ಆದರೆ ಆಯಾ ವರ್ಷ ಸಾವಾದ ಮನೆಯ ಮುಂದೆ ಹಾಡುವಂತಿರಲಿಲ್ಲ. ಈ ಜನರ ತಾತಂದಿರು ಹಳೆಯ ದೇವರುಗಳನ್ನು ಬಿಟ್ಟು ಬಂದಿದ್ದರು, ಸೂತಕವನ್ನು ಮಾತ್ರ ಜೋಪಾನವಾಗಿ ಗಂಟು ಕಟ್ಟಿಕೊಂಡು ಬಂದಿದ್ದರು. ಅದು ತಪ್ಪೆಂದು ಯಾರಿಗೂ ಹೊಳೆದಿರಲಿಲ್ಲ, ಕನಿಕರವೆಂದೇ ತಿಳಿದಿದ್ದರು.

ಹಬ್ಬದ ವಾರ ಮಂಗಳವಾರ ಸಭೆಯ ಹಿರಿಯ ದಾನಿಯೇಲಪ್ಪ ಬಂದು ಜಗಲಿಯ ಮೇಲೆ ಕೂತರು.

"ಈ ಸಲ ನಿಮ್ಮನೆ ಮುಂದೆ ಹಾಡಲ್ಲಮ್ಮ. ನಿನ್ನ ಸಂಕಟ ನಮಗೆ ಗೊತ್ತಾಗಲ್ವಾ? ಸುಮ್ನೆ ದಾಟಿ ಹೋಗ್ತೀವಿ."

ಶಾಂತವ್ವ ತಲೆಯಾಡಿಸಿದಳು. ಅವರು ಹೋದ ಮೇಲೆ ಅದೇ ಜಗಲಿಯ ಮೇಲೆ ಕೂತು ಯೋಚಿಸಿದಳು. ಜನವರಿಯಲ್ಲಿ ಮಣ್ಣು ಹಾಕುವಾಗ 'ಇವನು ಏಳುತ್ತಾನೆ' ಎಂದು ಪುಸ್ತಕ ಹಿಡಿದು ಓದಿದವರೂ ಇದೇ ದಾನಿಯೇಲಪ್ಪನವರು. ಆ ಮಾತು ನಿಜವಾದರೆ ಈಗ ತನ್ನ ಬಾಗಿಲು ದಾಟಿ ಹೋಗುವುದೇಕೆ? ಸುಳ್ಳಾದರೆ ತನ್ನ ಸಮಾಧಾನಪ್ಪ ಬರೀ ಮಣ್ಣೇ? ಅವಳಿಗೆ ಗೊತ್ತಾಗಬೇಕಾಗಿದ್ದುದು ಇಷ್ಟೇ. ಎದ್ದವಳೇ ಕಜ್ಜಾಯಕ್ಕೆ ಅಕ್ಕಿ ನೆನೆಹಾಕಿದಳು.

ಮಾರನೆಯ ದಿನ ನೆರಳಿನಲ್ಲಿ ಅಕ್ಕಿ ಹರವಿದ್ದನ್ನು ಪಕ್ಕದ ಮನೆಯ ಚಿಕ್ಕಗಂಗಮ್ಮ ಕಂಡಳು.

"ಸಾವಾದ ಮನೇಲಿ ವರ್ಷ ತುಂಬೋವರ್ಗೂ ಬಾಣಲೆ ಇಡಲ್ಲ ಕಣೇ. ನಾನೇ ಕರಿದು ತಂದ್ಕೊಡ್ತೀನಿ, ನೀನು ಸುಮ್ನಿರು."

"ಕ್ರಿಸ್ಮಸ್ ಬೇಕಾದ್ರೆ ಬಿಡ್ತೀನಿ ಗಂಗಕ್ಕ. ಇದನ್ನ ಹೆಂಗೆ ಬಿಡ್ಲಿ? ಸತ್ತೋರು ಏಳ್ತಾರೆ ಅನ್ನೋ ಹಬ್ಬ ಇದು. ಸಾವಾದ ಮನೇಲಿ ಮಾಡ್ದೆ ಇನ್ಯಾರ ಮನೇಲಿ ಮಾಡೋದು?"

ಚಿಕ್ಕಗಂಗಮ್ಮನಿಗೆ ಯೇಸುವಿನ ವಿಷಯ ಅಷ್ಟಾಗಿ ತಿಳಿಯದು, ಶಾಂತವ್ವನ ಮುಖ ಚೆನ್ನಾಗಿ ತಿಳಿಯುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಸರಿ, ಒನಕೆ ತಾ ಇಲ್ಲಿ. ನೀನು ಕುಟ್ಟಿದ್ರೆ ಬರೀ ನುಚ್ಚು."

ಈಸ್ಟರ್ ಬೆಳಗ್ಗೆ ಶಾಂತವ್ವ ತಲೆಗೆ ಎರೆದುಕೊಂಡು, ಬಿಳಿ ಸೀರೆಯುಟ್ಟು ಬಾಗಿಲ ಹಿಂದೆ ನಿಂತಳು. ಹಾಡು ಮೂರು ಮನೆ ಆಚೆಗೆ ಬಂತು, ಎಡಪಕ್ಕದ ಕ್ರೈಸ್ತರ ಮನೆಗೆ ಬಂತು, ನಿಂತಿತು. ಆಮೇಲೆ ಕೇಳಿಸಿದ್ದು ಗ್ಯಾಸ್‌ಲೈಟಿನ ಬುಸ್ ಎನ್ನುವ ಸದ್ದು ಮತ್ತು ಮೆಲ್ಲಗೆ ಕಾಲೆತ್ತಿ ಇಡುವ ನಲವತ್ತು ಜನರ ಹೆಜ್ಜೆ. ಮಗು ಮಲಗಿದ ಮನೆಯನ್ನು ದಾಟುವಂತೆ ದಾಟುತ್ತಿದ್ದರು. ಅವಳು ಚಿಲಕಕ್ಕೆ ಕೈ ಹಾಕಿದಳು. ಮೂರು ತಿಂಗಳಿಂದ ಬಾರದ ಸ್ವರ ಈಗ ಬಾರದಿದ್ದರೆ ಎಂಬ ಭಯ.

ಬಾಗಿಲು ತೆರೆದು ಬೀದಿಗಿಳಿದು ಹಾಡಿಯೇಬಿಟ್ಟಳು. ಮೊದಲ ಸಾಲು ಒಡೆದು ಚೂರಾಯಿತು. ಎರಡನೆಯದು ಕುಂಟುತ್ತಾ ಬಂತು. ಮೂರನೇ ಸಾಲಿಗೆ ಹಳೆಯ ಗಂಟಲು ಪೂರ್ತಿ ಬಿಟ್ಟುಕೊಂಡಿತು ನೋಡಿ, ಬೀದಿಯ ಎಲ್ಲ ಬಾಗಿಲುಗಳೂ ತೆರೆದವು!

ಗುಂಪು ನಿಂತಿತು. ದಾನಿಯೇಲಪ್ಪ ಹಿಂದಕ್ಕೆ ಬಂದರು.

"ನಿನಗೆ ನೋವಾಗ್ಬಾರ್ದು ಅಂತ ಕಣಮ್ಮ..."

"ನಿಮಗೆಲ್ಲ ಇದು ಹಬ್ಬ ಅಣ್ಣ. ನನಗೆ ಇದು ನಿಜ ಆಗ್ಲೇಬೇಕು. ಮಣ್ಣು ಹಾಕುವಾಗ ಹೇಳಿದ ಮಾತನ್ನ ಇವತ್ತು ನನ್ನ ಬಾಗಿಲಲ್ಲಿ ಹೇಳಿ."

ದಾನಿಯೇಲಪ್ಪ ಪೇಟ ತೆಗೆದು ಕೈಯಲ್ಲಿ ಹಿಡಿದರು. "ಕ್ರಿಸ್ತನು ಎದ್ದಿದ್ದಾನೆ" ಎಂದರು.

"ನಿಜವಾಗಿ ಎದ್ದಿದ್ದಾನೆ" ಎಂದಳು ಶಾಂತವ್ವ. ಅಳುತ್ತಲೇ ಅಂದಳು, ಆದರೆ ರಾಜಾಜಿನಗರದ ಹೊಸ ಸೈಟುಗಳವರೆಗೂ ಕೇಳುವಂತೆ ಅಂದಳು. ನಲವತ್ತು ಜನ ಕಜ್ಜಾಯ ತಿಂದು ಕೈ ಒರೆಸಿಕೊಂಡರು. ಉಳಿದ ಮನೆಗಳಿಗೆಲ್ಲ ಅವಳೇ ಮುಂದೆ ನಡೆದಳು. ಮರುವರ್ಷದಿಂದ ಹಾಡಿನವರು ಮೊದಲು ನಿಲ್ಲುವುದು ಸಾವಾದ ಮನೆಯ ಮುಂದೆಯೇ ಎಂದು ಸಭೆ ತೀರ್ಮಾನಿಸಿತು.

ಐವತ್ತೆಂಟರ ಫೆಬ್ರವರಿಯಲ್ಲಿ ದಾನಿಯೇಲಪ್ಪನವರ ಹೆಂಡತಿ ತೀರಿಕೊಂಡರು. ಆ ಈಸ್ಟರ್‌ಗೆ ಗುಂಪು ಅವರ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಚಿಲಕ ಹಾಕಿತ್ತು. ಒಂದು ಹಾಡು ಮುಗಿಯಿತು, ಬಾಗಿಲು ತೆರೆಯಲಿಲ್ಲ. ಎರಡನೆಯದೂ ಮುಗಿಯಿತು. ಕೆಲವರು ಹೊರಡೋಣವೆಂದರು, ಶಾಂತವ್ವ ಅಲುಗಾಡಲಿಲ್ಲ, ಮೂರನೆಯದನ್ನು ಎತ್ತಿದಳು. ಅದು ಮುಗಿಯುವಾಗ ಚಿಲಕ ಸರಿಯಿತು. ತಲೆ ಬಾಚಿಕೊಳ್ಳದ ಮುದುಕರು ಹೊಸ್ತಿಲ ಮೇಲೆ ನಿಂತಿದ್ದರು.

"ಕ್ರಿಸ್ತನು ಎದ್ದಿದ್ದಾನೆ ಅಣ್ಣ" ಎಂದಳು ಶಾಂತವ್ವ.

"ನಿಜವಾಗಿ" ಎಂದು ಬಾಗಿಲ ಚೌಕಟ್ಟು ಹಿಡಿದರು ದಾನಿಯೇಲಪ್ಪ. "ನಿಜವಾಗಿ ಎದ್ದಿದ್ದಾನೆ." ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಅವಳ ಪಕ್ಕಕ್ಕೆ ಬಂದರು.

"ಮುಂದಿನ ಮನೆ ಯಾವ್ದಮ್ಮ?"